ಮೋನೋ ಲೇಕ್ ನೋಡಿ ಬಂದವರು ಸ್ವಲ್ಪ ಹೇಳಿ

ಜೂನ್ ಕೊನೆಯಲ್ಲಿ ಅಪ್ಪ ಅಮ್ಮನ ಜೊತೆ ಯೊಸೆಮಿಟಿ ನ್ಯಾಷನಲ್ ಪಾರ್ಕ್‌ಗೆ ಹೊರಟಿದ್ದೇವೆ. ಕ್ಯಾಲಿಫೋರ್ನಿಯಾದ ಆ ಉಪ್ಪಿನ ಸರೋವರ, ನೀರಲ್ಲೇ ಕಲ್ಲಿನ ಕಂಬಗಳು ನಿಂತಿವೆಯಲ್ಲ, ಅದಕ್ಕೂ ಅರ್ಧ ದಿನ ಕೊಡಬಹುದಾ? ವಯಸ್ಸಾದವರಿಗೆ ಕಷ್ಟನಾ?

— ಖಂಡಿತ ಕೊಡಿ. ಟಯೋಗಾ ಪಾಸ್ ಘಾಟಿ ದಾಟಿ ಇಳಿದರೆ ಲೀ ವೈನಿಂಗ್ ಊರು, ಸರೋವರ ಅಲ್ಲೇ ಎದುರಿಗೆ. ಆದರೆ ಹಿಮ ಜಾಸ್ತಿ ಬಿದ್ದ ವರ್ಷ ಆ ರಸ್ತೆ ಜೂನ್ ಮುಗಿದರೂ ತೆರೆಯುವುದಿಲ್ಲ, 2023ರಲ್ಲಿ ಜುಲೈವರೆಗೂ ಮುಚ್ಚಿತ್ತು. ಮೊದಲು ಅದನ್ನು ವಿಚಾರಿಸಿಕೊಳ್ಳಿ.

— ಆ ಕಂಬಗಳಿರುವ ಸೌತ್ ಟೂಫಾ ಕಡೆಗೇ ಹೋಗಿ. ಸುತ್ತು ದಾರಿ ಸುಮಾರು 1 ಮೈಲಿ, ಏರು ಇಳಿತ ಕಮ್ಮಿ. ನಮ್ಮ ಅತ್ತೆಗೆ ಮಂಡಿನೋವು, ಅವರೂ ಆರಾಮಾಗಿ ನಡೆದರು. ನೆರಳು ಮಾತ್ರ ಇಲ್ಲ, ಮಧ್ಯಾಹ್ನ ಬೇಡವೇ ಬೇಡ.

— ಸುಮ್ನೆ ಫೋಟೋ ತೆಗೆದು ವಾಪಸ್ ಬರಬೇಡಿ. ಆ ಕಂಬಗಳು ಬೆಳೆದದ್ದು ನೀರಿನೊಳಗೆ. ತಳದಲ್ಲಿ ಉಕ್ಕುವ ಒರತೆಯ ಕ್ಯಾಲ್ಸಿಯಂ, ಸರೋವರದ ನೀರಲ್ಲಿರುವ ಕಾರ್ಬೋನೇಟ್ ಜೊತೆ ಸೇರಿ ಸುಣ್ಣಕಲ್ಲಾಗುತ್ತದೆ, ಅದೇ ಟೂಫಾ. ಮತ್ತೆ ಹೊರಗೆ ಹೇಗೆ ಬಂದವು ಅಂದರೆ, 1941ರಿಂದ ಲಾಸ್ ಏಂಜಲೀಸ್ ನಗರ ಇಲ್ಲಿಗೆ ಬರುವ ಹೊಳೆಗಳನ್ನು ತನ್ನ ಕಡೆ ತಿರುಗಿಸಿಕೊಂಡಿತು, ಮಟ್ಟ 45 ಅಡಿಯಷ್ಟು ಇಳಿಯಿತು. ಕನಿಷ್ಠ 7,60,000 ವರ್ಷ ಹಳೆಯ ಸರೋವರ, ಒಂದು ಊರಿನ ನಲ್ಲಿಗಾಗಿ ನಾಲ್ಕೇ ದಶಕದಲ್ಲಿ ಅರ್ಧ ಬರಿದು! 1994ರಲ್ಲಿ ರಾಜ್ಯದ ಜಲಮಂಡಳಿ ನೀರನ್ನು ಮತ್ತೆ ಸಮುದ್ರ ಮಟ್ಟದಿಂದ 6,392 ಅಡಿ ಎತ್ತರಕ್ಕೆ ತರಬೇಕು ಎಂದು ಆದೇಶ ಕೊಟ್ಟಿತು, ಇನ್ನೂ ಅಲ್ಲಿಗೆ ಮುಟ್ಟಿಲ್ಲ. ನೀರು ಏರಿದರೆ ಕೆಲವು ಕಂಬ ಮತ್ತೆ ಮುಳುಗುತ್ತವೆ. ಮುಳುಗಲಿ ಬಿಡಿ, ನನಗೇನೂ ಬೇಜಾರಿಲ್ಲ.

— ದಡದ ಕಪ್ಪು ಪಟ್ಟಿ ನೋಡಿ ಅಮ್ಮ ಹಿಂದೆ ಸರಿಯಬಹುದು. ಅದು ನೊಣ. ಕಚ್ಚುವುದಿಲ್ಲ, ಮೈಗೆ ಮುತ್ತುವುದೂ ಇಲ್ಲ, ನಡೆದು ಹೋದರೆ ಅವೇ ದಾರಿ ಬಿಡುತ್ತವೆ. ಇಲ್ಲಿ ಮೀನಿಲ್ಲ. ಈ ನೊಣ, ಮತ್ತೆ ನೀರೊಳಗಿನ ಪುಟ್ಟ ಸಿಗಡಿ, ಇವನ್ನು ತಿನ್ನಲು ಲಕ್ಷಾಂತರ ಹಕ್ಕಿ ಬರುತ್ತವೆ. ಬೈನಾಕ್ಯುಲರ್ ಇದ್ದರೆ ತನ್ನಿ, ಕಂಬದ ತುದಿಯಲ್ಲಿ ಆಸ್ಪ್ರೆ ಎಂಬ ಗಿಡುಗದ ಗೂಡು ಕಂಡರೂ ಕಂಡೀತು.

— ಈಜಬೇಕಿದ್ದರೆ ಪಕ್ಕದ ನೇವಿ ಬೀಚ್ ವಾಸಿ. ಸಮುದ್ರದ ಎರಡು ಪಟ್ಟಿಗಿಂತ ಜಾಸ್ತಿ ಉಪ್ಪು, ಜೊತೆಗೆ ಕ್ಷಾರ, ಕೈಗೆ ಸೋಪಿನ ನೀರಿನ ಹಾಗೆ ಜಾರುತ್ತದೆ. ಸಣ್ಣ ಗೀರಿದ್ದರೂ ಉರಿ, ಕಣ್ಣಿಗಂತೂ ತಾಗಿಸಬೇಡಿ. ಮೈ ತೊಳೆಯಲು ಕಾರಲ್ಲಿ ಸಿಹಿನೀರು ಇರಲಿ.

— ಒಂದು ಬಿಟ್ಟಿರಿ ಎಲ್ಲರೂ: ಟೂಫಾ ಹತ್ತುವಂತಿಲ್ಲ, ಬಿದ್ದಿರುವ ಚೂರನ್ನೂ ಜೇಬಿಗೆ ಹಾಕುವಂತಿಲ್ಲ. ಮಕ್ಕಳಿದ್ದರೆ ಮೊದಲೇ ಹೇಳಿಡಿ.