‘ನಾನ್ ಸ್ಟ್ರೆಸ್ ಟೆಸ್ಟ್’ಗೆ ‘ಒತ್ತಡರಹಿತ ಪರೀಕ್ಷೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿ ಬಸುರಿ, ಈಗ 34 ವಾರ. ಮಗುವಿನ ಬೆಳವಣಿಗೆ ಕಮ್ಮಿ ಅಂತ ಸ್ಕ್ಯಾನಿನಲ್ಲಿ ಕಂಡಿದೆ. ಹಾಗಾಗಿ ವಾರಕ್ಕೆ ಎರಡು ಸಲ ಎನ್‌ಎಸ್‌ಟಿ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ನೋಡುವ ‘ನಾನ್ ಸ್ಟ್ರೆಸ್ ಟೆಸ್ಟ್’, ಮಾಡಿಸುತ್ತಿದ್ದಾಳೆ. ಅವಳ ಕೈಗೆ ಸಿಕ್ಕ ಕನ್ನಡ ಹಾಳೆಯಲ್ಲಿ ಇದನ್ನು ‘ಒತ್ತಡರಹಿತ ಪರೀಕ್ಷೆ’ ಎಂದು ಬರೆದಿತ್ತು. “ಅಕ್ಕಾ, ನಾನು ಜಾಸ್ತಿ ಯೋಚನೆ ಮಾಡ್ತೀನಿ ಅಂತ ಈ ಟೆಸ್ಟಾ? ಅದಕ್ಕೇ ಮಗು ಬೆಳೀಲಿಲ್ವಾ?” ಎಂದು ಕೇಳಿದಳು. ಕರುಳು ಚುರುಕ್ ಎಂದಿತು.

ಇಲ್ಲಿ ಸ್ಟ್ರೆಸ್ ತಾಯಿಯ ಮನಸ್ಸಿನದ್ದಲ್ಲವೇ ಅಲ್ಲ. ಗರ್ಭಕೋಶ ಬಿಗಿದಾಗ ಮಾಸಿಗೆ (ಪ್ಲಾಸೆಂಟಾ) ಹೋಗುವ ರಕ್ತ ಆ ಹೊತ್ತಿಗೆ ಕಮ್ಮಿಯಾಗುತ್ತದೆ. ಆಗ ಮಗುವಿಗೆ ಆಗುವ ಕಷ್ಟವೇ ಸ್ಟ್ರೆಸ್. ಗರ್ಭಕೋಶ ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್ ಔಷಧಿ ಕೊಟ್ಟು, ಬೇಕೆಂದೇ ಬೇನೆ ಬರಿಸಿ, ಮಗು ತಡೆದುಕೊಳ್ಳುತ್ತದೆಯೇ ಎಂದು ನೋಡುವ ಪರೀಕ್ಷೆ ಬೇರೆ ಇದೆ. ಹಾಗೆ ಬೇನೆ ಬರಿಸದೆ ನೋಡುವುದರಿಂದ ಇದು ನಾನ್ ಸ್ಟ್ರೆಸ್. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಹೊಟ್ಟೆ ಗಟ್ಟಿಯಾಗುವುದನ್ನು ತಿಳಿಯಲು. ಬಡಿತ ನಿಮಿಷಕ್ಕೆ 110ರಿಂದ 160ರ ಒಳಗಿರಬೇಕು. ಈ ತಿಂಗಳುಗಳಲ್ಲಿ, 20 ನಿಮಿಷದಲ್ಲಿ ಎರಡು ಸಲವಾದರೂ ಬಡಿತ 15ರಷ್ಟು ಏರಿ, ಆ ಏರಿಕೆ 15 ಸೆಕೆಂಡು ಇದ್ದರೆ ಸಮಾಧಾನ. ಮಗು ನಿದ್ದೆಯಲ್ಲಿದ್ದರೆ ಇನ್ನಷ್ಟು ಹೊತ್ತು ಕಾಯುತ್ತಾರೆ. ಬೆಳವಣಿಗೆ ಅಳೆಯುವುದು ಸ್ಕ್ಯಾನ್. ಮಗು ಸದ್ಯಕ್ಕೆ ಹೇಗಿದೆ ಎಂದು ಹೇಳುವುದು ಇದು.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಬೇನೆ ಬರಿಸದ ಪರೀಕ್ಷೆ’ ಅರ್ಥಕ್ಕೇನೋ ಸರಿ. ಆದರೆ ಬೇನೆ ಅಂದರೆ ಕಾಯಿಲೆ ಅಂತಲೂ ಇದೆ, ಬಸುರಿಗೆ ಸುಮ್ನೆ ದಿಗಿಲು. ‘ಮಗುವಿನ ಬಡಿತ ಪರೀಕ್ಷೆ’ ನನಗೆ ಹಿಡಿಸುತ್ತದೆ. ಆದರೆ ತಪಾಸಣೆಗೆ ಹೋದಾಗಲೆಲ್ಲ ಅರೆ ನಿಮಿಷ ಬಡಿತ ಕೇಳಿಸುತ್ತಾರಲ್ಲ, ಅದಕ್ಕೂ ಇದೇ ಹೆಸರು ಬಂದುಬಿಡುತ್ತದೆ. ‘ಬಡಿತದ ಏರಿಳಿತ ಪರೀಕ್ಷೆ’ ಅಂದರೆ ಹೇಗೆ? ಏರುವುದನ್ನೇ ಅಲ್ವಾ ಇಲ್ಲಿ ಕಾಯುವುದು?

ಇನ್ನೊಂದು ಪದ ‘ಕುಂಠಿತ ಬೆಳವಣಿಗೆ’. ಓದಿದ ಕೂಡಲೇ ಮಗುವಿಗೇ ಊನ ಇದೆ ಅನ್ನಿಸುತ್ತದೆ. ಇಂಗ್ಲಿಷಿನವರೂ ಮೊದಲು ಬಳಸುತ್ತಿದ್ದ ‘ರಿಟಾರ್ಡೇಶನ್’ ಬಿಟ್ಟು ‘ರಿಸ್ಟ್ರಿಕ್ಷನ್’ ಎನ್ನತೊಡಗಿದರು. ಹುಟ್ಟಾ ಸಣ್ಣಗಿರುವ ಮಗು ಬೇರೆ, ಮಾಸಿನಿಂದ ಸಾಕಷ್ಟು ಸಿಗದೆ ಬೆಳವಣಿಗೆ ಹಿಂದೆ ಬಿದ್ದ ಮಗು ಬೇರೆ. ಈ ಎರಡನ್ನೂ ಬಿಡಿಸಿ ಹೇಳುವ ಪದ ಬೇಕು.

ನಿಮ್ಮ ಕಡೆ ಸೂಲಗಿತ್ತಿಯರು, ಅಜ್ಜಿಯಂದಿರು ಹೊಟ್ಟೆಯಲ್ಲಿ ಬೆಳೆಯದ ಕೂಸಿಗೆ ಏನನ್ನುತ್ತಿದ್ದರು? ಊರಿನ ಹೆಸರಿನ ಜೊತೆ ಬರೆಯಿರಿ.