ಉಪಗ್ರಹದ ತಿರುಗಾಟಕ್ಕೂ ಅದರ ಆಕಾರಕ್ಕೂ ಏನು ನಂಟು?

ಪ್ರಶ್ನೆ: ಮೇಡಂ, ಚಂದ್ರ ನಮಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ. ಹಾಗಿದ್ದರೆ ಅವನು ತನ್ನ ಸುತ್ತ ತಾನು ತಿರುಗುವುದೇ ಇಲ್ಲ ಅಲ್ವಾ?

ಉತ್ತರ (ಖಗೋಳ ವಿಜ್ಞಾನ ಅಧ್ಯಾಪಕಿ): ತಿರುಗುತ್ತಾನೆ. ಒಂದು ಸುತ್ತಿಗೆ 27.3 ದಿನ, ಭೂಮಿಯನ್ನು ಸುತ್ತಿ ಬರಲೂ ಅಷ್ಟೇ ದಿನ. ಒಂದು ಕುರ್ಚಿಯ ಕಡೆಗೇ ಮುಖ ಮಾಡಿಕೊಂಡು ಅದನ್ನು ಸುತ್ತಿ ನೋಡಿ. ಸುತ್ತು ಮುಗಿಯುವಷ್ಟರಲ್ಲಿ ಕೋಣೆಯ ನಾಲ್ಕೂ ಗೋಡೆ ನಿಮ್ಮ ಕಣ್ಣಿಗೆ ಬಿದ್ದಿರುತ್ತವೆ, ಅಂದರೆ ನೀವೂ ಒಂದು ಸಲ ತಿರುಗಿದಿರಿ.

ಇದು ಸುಮ್ನೆ ಹೊಂದಿಕೊಂಡಿದ್ದಲ್ಲ. ಮೊದಲು ಚಂದ್ರ ಜೋರಾಗಿ ತಿರುಗುತ್ತಿದ್ದ. ಭೂಮಿಯ ಸೆಳೆತಕ್ಕೆ ಅವನ ಮೈ ಸ್ವಲ್ಪ ಉಬ್ಬುತ್ತಿತ್ತು, ತಿರುಗುವ ರಭಸಕ್ಕೆ ಆ ಉಬ್ಬು ಮುಂದಕ್ಕೆ ಜರುಗುತ್ತಿತ್ತು, ಭೂಮಿ ಅದನ್ನು ಹಿಂದಕ್ಕೆ ಎಳೆಯುತ್ತಿತ್ತು. ಹೀಗೆ ಎಳೆದೂ ಎಳೆದೂ ವೇಗ ಇಳಿಯಿತು, ಉಬ್ಬು ಭೂಮಿಯ ಕಡೆಗೇ ನಿಂತಿತು.

ಪ್ರಶ್ನೆ: ಎಲ್ಲಾ ಉಪಗ್ರಹಗಳೂ ಹೀಗೇನಾ? ಆಕಾರ ಅಂಕುಡೊಂಕಾಗಿದ್ದರೆ?

ಉತ್ತರ: ಗ್ರಹಕ್ಕೆ ಹತ್ತಿರವಿರುವ ದೊಡ್ಡವು ಬಹುಪಾಲು ಹೀಗೇ. ಆದರೆ ಶನಿಯ ಹೈಪೀರಿಯನ್ ನೋಡಿ. ಮೈತುಂಬ ತೂತು, ಸ್ಪಂಜಿನ ತುಂಡಿನ ಹಾಗೆ. ಉದ್ದ ಸುಮಾರು 360 ಕಿ.ಮೀ., ದಪ್ಪ 205 ಮಾತ್ರ. ಅದರ ದಾರಿಯೂ ಪೂರ್ತಿ ದುಂಡಗಿಲ್ಲ, ಪಕ್ಕದ ದೊಡ್ಡ ಉಪಗ್ರಹ ಟೈಟನ್ ದುಂಡಗಾಗಲು ಬಿಡುವುದೂ ಇಲ್ಲ. ಹಾಗಾಗಿ ಶನಿಯ ಸೆಳೆತ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ, ಆ ಉದ್ದನೆಯ ಮೈ ಸಿಕ್ಕಸಿಕ್ಕ ಕಡೆ ಹೊರಳುತ್ತದೆ. ಅಲ್ಲಿ ಒಂದು ದಿನಕ್ಕೆ ಇಷ್ಟು ಗಂಟೆ ಎಂದು ಹೇಳಲು ಬರುವುದೇ ಇಲ್ಲ!

ಪ್ರಶ್ನೆ: ಆಕಾರದಿಂದ ತಿರುಗಾಟ ಬದಲಾಗುತ್ತದೆ, ಸರಿ. ತಿರುಗಾಟದಿಂದ ಉಪಗ್ರಹವೂ ಬದಲಾಗುತ್ತದಾ?

ಉತ್ತರ: ಖಂಡಿತ. ನನಗೆ ತುಂಬಾ ಇಷ್ಟವಾದ ಉದಾಹರಣೆ ಇಯಾಪಿಟಸ್, ಅದೂ ಶನಿಯದೇ. 1671ರಲ್ಲಿ ಖಗೋಳ ವಿಜ್ಞಾನಿ ಕ್ಯಾಸಿನಿ ಕಂಡುಹಿಡಿದಾಗ ಅದು ಶನಿಯ ಪಶ್ಚಿಮಕ್ಕಿದ್ದರೆ ಕಾಣುತ್ತಿತ್ತು, ಪೂರ್ವಕ್ಕೆ ಬಂದರೆ ಕಾಣುತ್ತಿರಲಿಲ್ಲ. ಒಂದು ಮಗ್ಗುಲು ಕಪ್ಪಿರಬೇಕು ಎಂದು ಆತ ಊಹಿಸಿದ್ದು ಸರಿಯಾಗಿತ್ತು. ಅದು ಯಾವಾಗಲೂ ಒಂದೇ ಮಗ್ಗುಲನ್ನು ಮುಂದೆ ಮಾಡಿಕೊಂಡು ಸಾಗುತ್ತದೆ, ಹೊರಗಿಂದ ಬರುವ ಕಪ್ಪು ಧೂಳೆಲ್ಲ ಅಲ್ಲೇ ಕೂರುತ್ತದೆ. ಒಂದು ಸುತ್ತಿಗೆ 79 ದಿನ, ಅಂದರೆ ಹಗಲು ಬಹಳ ಉದ್ದ. ಧೂಳು ಬಿಸಿಲನ್ನು ಹೀರಿ ಕಾಯುತ್ತದೆ, ಮಂಜುಗಡ್ಡೆ ಆವಿಯಾಗಿ ತಣ್ಣಗಿರುವ ಬಿಳಿ ಕಡೆ ಹೋಗಿ ಕೂರುತ್ತದೆ. ಕಪ್ಪು ಇನ್ನೂ ಕಪ್ಪಾಗುತ್ತದೆ, ಬಿಳಿ ಇನ್ನೂ ಬೆಳ್ಳಗಾಗುತ್ತದೆ.

ಇನ್ನೊಂದು ವಿಷಯ. ಅದರ ಧ್ರುವಗಳು ಚಪ್ಪಟೆಯಾಗಿವೆ. 79 ದಿನಕ್ಕೊಂದು ಸಲ ತಿರುಗುವ ವಸ್ತು ಅಷ್ಟೊಂದು ಚಪ್ಪಟೆಯಾಗಲು ಸಾಧ್ಯವಿಲ್ಲ, ಸುಮಾರು 16 ಗಂಟೆಗೊಮ್ಮೆ ತಿರುಗಿದರೆ ಮಾತ್ರ ಆ ಆಕಾರ ಬರುತ್ತದೆ. ಒಳಗೆ ಇನ್ನೂ ಮೆತ್ತಗಿದ್ದಾಗ ಬಂದ ಆಕಾರ ಅದು. ಆಮೇಲೆ ಗಟ್ಟಿಯಾಯಿತು, ವೇಗ ಇಳಿಯಿತು, ಆಕಾರ ಮಾತ್ರ ಹಾಗೇ ಉಳಿಯಿತು.