ನಮ್ಮೂರ ಶಾಸನದ ಬಗ್ಗೆ ನಂಬಬಹುದಾದ ಮಾಹಿತಿ ನೆಟ್‌ನಲ್ಲಿ ಎಲ್ಲಿ ಸಿಗುತ್ತದೆ?

ಕೆರೆಕಟ್ಟೆ_ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಕೆರೆ ತೂಬಿನ ಹತ್ತಿರ ಎದೆಮಟ್ಟದ ಒಂದು ಕಲ್ಲಿದೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಸಾಲು ಸಾಲಾಗಿ ಅಕ್ಷರ. ಊರ ಆಂಜನೇಯನ ಗುಡಿ ಜೀರ್ಣೋದ್ಧಾರ ನಡೆಯುತ್ತಿದೆ, ಅದರ ಜೊತೆ ಒಂದು ಸಣ್ಣ ಪುಸ್ತಕ ತರುತ್ತಿದ್ದಾರೆ. ಊರಿನ ಇತಿಹಾಸ ಬರೆಯುವ ಕೆಲಸ ನನಗೆ ವಹಿಸಿದ್ದಾರೆ.

ಊರಿನ ವಾಟ್ಸಾಪ್ ಗುಂಪಿನಲ್ಲಿ "2000 ವರ್ಷ ಹಳೆಯ ಚೋಳರ ಕಲ್ಲು" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಗೂಗಲ್ ಮಾಡಿದರೆ ಪ್ರವಾಸದ ಬ್ಲಾಗುಗಳೇ ಬರುತ್ತವೆ, ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲಿ, ಅದೇ ತಪ್ಪು ಕಾಗುಣಿತದ ಸಮೇತ. ಒಂದು ಎಐ ಆ್ಯಪ್ ಕೇಳಿದೆ. ರಾಜನ ಹೆಸರು, ಇಸವಿ ಎಲ್ಲಾ ಹೇಳಿತು. ಯಾವ ಪುಸ್ತಕದಲ್ಲಿದೆ ಅಂತ ಕೇಳಿದ್ದಕ್ಕೆ ಒಂದು ಹೆಸರು ಕೊಟ್ಟಿತು, ಎಷ್ಟು ಹುಡುಕಿದರೂ ಅಂಥ ಪುಸ್ತಕವೇ ಸಿಗಲಿಲ್ಲ. ಪುಸ್ತಕ ಅಂತ ಒಮ್ಮೆ ಅಚ್ಚಾದರೆ ಮುಂದೆ ನಮ್ಮೂರ ಮಕ್ಕಳು ಅದನ್ನೇ ನಿಜ ಅಂತ ಓದುತ್ತಾರೆ, ಅಲ್ವಾ? ಹಾಗಾಗಿ ಸುಮ್ನೆ ಏನೋ ಒಂದು ಬರೆಯಲು ಮನಸ್ಸಿಲ್ಲ. ಇಂಥ ವಿಷಯಕ್ಕೇ ಅಂತ ಇರುವ ಸೈಟುಗಳು ಯಾವುವು, ಹುಡುಕುವುದು ಹೇಗೆ, ಗೊತ್ತಿರುವವರು ದಯವಿಟ್ಟು ತಿಳಿಸಿ.

ಓದುಗ_ಕೋಲಾರ

ಒಳ್ಳೆಯ ಕೆಲಸ ಹಿಡಿದಿದ್ದೀರಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಲ್ಲಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇರುತ್ತಾರೆ. ನಮಗೆ ಬೇಕಾಗಿರುವುದು ಕಲ್ಲಿನ ಮುಂದೆ ನಿಂತು ಅದನ್ನು ಓದಿ ದಾಖಲು ಮಾಡಿದವರು. ನಮ್ಮ ಪುಣ್ಯಕ್ಕೆ ಹಳೇ ಮೈಸೂರು ಕಡೆ ಆ ಕೆಲಸ ನೂರು ವರ್ಷದ ಹಿಂದೆಯೇ ಆಗಿದೆ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಓದಿಸಿ ಜಿಲ್ಲೆವಾರು ಅಚ್ಚು ಮಾಡಿಸಿದ ಎಪಿಗ್ರಾಫಿಯಾ ಕರ್ನಾಟಿಕಾ, 12 ಸಂಪುಟ. ಕೋಲಾರ ಜಿಲ್ಲೆಯದು 10ನೇ ಸಂಪುಟ, 1905ರಲ್ಲಿ ಬಂದದ್ದು. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಹಾಗಾಗಿ ಚಿಕ್ಕಬಳ್ಳಾಪುರದ ಹೆಸರಲ್ಲಿ ಹುಡುಕಿದರೆ ಅಂಥ ಸಂಪುಟವೇ ಇಲ್ಲ, ನಮ್ಮೂರದು ದಾಖಲಾಗಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ನಿಮ್ಮ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ಎಲ್ಲಾ ಕೋಲಾರದ ಸಂಪುಟದೊಳಗೇ ಇವೆ. ಬಂಗಾರಪೇಟೆ ಬೇಕೆನ್ನುವವರು ಬೌರಿಂಗ್‌ಪೇಟೆ ಅಂತ ನೋಡಬೇಕು, ಆಗ ಅದರ ಹೆಸರು ಅದೇ. ಇನ್ನೊಂದು, ರೈಸ್ ಆದಮೇಲೆ ಸಿಕ್ಕ ಶಾಸನಗಳಿಗೆ ಕೋಲಾರದ್ದೇ ಒಂದು ಪೂರಕ ಸಂಪುಟ ಇದೆ, 17ನೆಯದು. 10ರಲ್ಲಿ ಸಿಗದಿದ್ದರೆ ಅದನ್ನು ನೋಡದೆ ಕೈಬಿಡಬೇಡಿ.

ಒಳಗೆ ಹುಡುಕುವ ಬಗೆ ಹೇಳುತ್ತೇನೆ. ಶಾಸನಗಳನ್ನು ತಾಲ್ಲೂಕುವಾರು ಇಟ್ಟಿದ್ದಾರೆ, ಪ್ರತಿ ತಾಲ್ಲೂಕಿಗೂ ನಂಬರ್ 1ರಿಂದ ಶುರು. ಪ್ರತಿ ಶಾಸನದ ತಲೆಯ ಮೇಲೆ ಊರಿನ ಹೆಸರು, ಹೋಬಳಿ, ಕಲ್ಲು ಎಲ್ಲಿ ನಿಂತಿದೆ ಅನ್ನುವುದು ಒಂದೇ ಸಾಲಿನಲ್ಲಿ ಇರುತ್ತದೆ: ಅದೇ ಊರಿನಲ್ಲಿ, ತೂಬಿನ ಹತ್ತಿರ, ಇಂಥವರ ಹೊಲದಲ್ಲಿ, ಹೀಗೆ. ನಿಮ್ಮ ಕಲ್ಲು ಹೌದೋ ಅಲ್ಲವೋ ಅಂತ ಗುರುತು ಹಿಡಿಯಲು ಆ ಸಾಲೇ ಆಧಾರ. ಶಾಸನದ ಪಾಠ ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಆಮೇಲೆ ಇಂಗ್ಲಿಷ್ ಅನುವಾದ, ಮೂರೂ ಬೇರೆ ಬೇರೆ ಭಾಗದಲ್ಲಿರುತ್ತವೆ. ನಂಬರ್ ಒಂದು ಸಿಕ್ಕರೆ ಮೂರನ್ನೂ ಹೊಂದಿಸಿಕೊಳ್ಳಬಹುದು.

ಆರ್ಕೈವ್‌ನ ಸರ್ಚ್ ಬಾಕ್ಸನ್ನು ಮಾತ್ರ ಪೂರ್ತಿ ನಂಬಬೇಡಿ. ಇದು ಸ್ಕ್ಯಾನ್ ಮಾಡಿದ ಹಳೇ ಪುಸ್ತಕ. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಇದ್ದ ಕಡೆಯೆಲ್ಲಾ ಯಂತ್ರ ತಪ್ಪು ಓದಿರುತ್ತದೆ. ಊರಿನ ಹೆಸರು ಹಾಕಿ "ಸಿಗಲಿಲ್ಲ" ಅಂತ ಬಂದರೆ ಇಲ್ಲ ಅಂತ ಅರ್ಥ ಅಲ್ಲ. ಹೆಸರಿನ ಅರ್ಧ ಭಾಗ ಮಾತ್ರ ಹಾಕಿ ನೋಡಿ. ಅದೂ ಆಗದಿದ್ದರೆ ಅನುವಾದದ ಭಾಗದಲ್ಲಿ ಚಿಂತಾಮಣಿ ತಾಲ್ಲೂಕು ತೆರೆದು ಕೂತು ಒಂದೊಂದೇ ಪುಟ ತಿರುಗಿಸಿ. ಒಂದು ಸಂಜೆ ಹೋಗುತ್ತದೆ, ಆದರೆ ಸುತ್ತಮುತ್ತಲ ಊರುಗಳ ಕಥೆಯೂ ಸಿಗುತ್ತದೆ.

ಮೇಷ್ಟ್ರು_ಮಧುಗಿರಿ

ಕೋಲಾರದವರು ಸರಿಯಾಗಿ ಹೇಳಿದ್ದಾರೆ. ನಮ್ಮ ತುಮಕೂರು ಜಿಲ್ಲೆಯವರು ಯಾರಾದರೂ ಓದುತ್ತಿದ್ದರೆ ನಿಮಗೆ 12ನೇ ಸಂಪುಟ, 1904ರದು. ನಮ್ಮ ಶಾಲೆಯ ಮಕ್ಕಳ ಕೈಲಿ ಅದನ್ನೇ ಹುಡುಕಿಸುತ್ತೇನೆ.

ನಾನು ಹೇಳಬೇಕಾದದ್ದು ಕಾಲದ ವಿಚಾರ. "2000 ವರ್ಷ" ಅನ್ನುವುದನ್ನು ಪರೀಕ್ಷೆ ಮಾಡಲು ಸೈಟೂ ಬೇಕಿಲ್ಲ. ಕನ್ನಡದ ಹಳೆಯ ಶಾಸನ ಅಂತ ನಾವೆಲ್ಲಾ ಓದಿರುವ ಹಲ್ಮಿಡಿ ಶಾಸನವೇ ಸುಮಾರು ಕ್ರಿ.ಶ. 450ರದ್ದು. ನಿಮ್ಮ ಕಲ್ಲಿನ ಅಕ್ಷರದಲ್ಲಿ ಅಲ್ಲೊಂದು ಇಲ್ಲೊಂದು ನಿಮಗೇ ಓದಲು ಬರುತ್ತದಾ? ಬರುವುದಾದರೆ ಅದು ಬಹುಮಟ್ಟಿಗೆ ವಿಜಯನಗರದ ಕಾಲದ್ದು, ಇಲ್ಲವೇ ಆಮೇಲಿನದು. ಚೋಳರ ಮಾತೂ ಅಷ್ಟೇ. 11ನೇ ಶತಮಾನದಲ್ಲಿ ಅವರು ಕೋಲಾರ ಸೀಮೆ ಆಳಿದ್ದು ನಿಜ, ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ಶಾಸನಗಳಿವೆ. ಆದರೆ ಅವರ ಶಾಸನಗಳಲ್ಲಿ ತಮಿಳಿನವೇ ಜಾಸ್ತಿ. ಗಂಗರು, ಬಾಣರು, ನೊಳಂಬರು, ವೈದುಂಬರು ಇವರೆಲ್ಲಾ ಓಡಾಡಿದ ನೆಲ ಇದು. ಹಳೆಯದೆಲ್ಲಾ ಚೋಳರದ್ದು ಅಂದುಬಿಟ್ಟರೆ ಅವರೆಲ್ಲಾ ಎಲ್ಲಿಗೆ ಹೋಗಬೇಕು? ಇವರ ಬಗ್ಗೆ ಹಿನ್ನೆಲೆ ಓದಲು ಕನ್ನಡ ವಿಕಿಸೋರ್ಸ್‌ಗೆ ಹೋಗಿ. ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶದ ಲೇಖನಗಳು ಅಲ್ಲಿವೆ. ವಿಷಯ ಬಲ್ಲವರು ಬರೆದದ್ದು, ಕನ್ನಡದಲ್ಲೇ ಇದೆ. ವಿಕಿಪೀಡಿಯವನ್ನೂ ಓದಿ, ಆದರೆ ಪುಟದ ಕೆಳಗೆ ಕೊಟ್ಟಿರುವ ಆಧಾರವನ್ನು ತೆರೆದು ನೋಡಿಯೇ ಬರೆದುಕೊಳ್ಳಿ.

ಶಾಸನದಲ್ಲಿ ಶಕ ವರ್ಷ ಇದ್ದರೆ 78 ಸೇರಿಸಿ, ಇಸವಿ ಬರುತ್ತದೆ. ಜೊತೆಗೆ ಸಂವತ್ಸರದ ಹೆಸರೂ ಇದ್ದರೆ ಇನ್ನೂ ಒಳ್ಳೆಯದು, ತಾಳೆ ನೋಡಬಹುದು. ಉದಾಹರಣೆಗೆ ಶಕ 1283, ಪ್ಲವ ಸಂವತ್ಸರ ಅಂತ ಇದೆ ಅನ್ನಿ. 1283ಕ್ಕೆ 78 ಸೇರಿಸಿದರೆ 1361. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2021ರ ಯುಗಾದಿಗೆ ಬಂದದ್ದು ಪ್ಲವ. ಅಲ್ಲಿಂದ ಅರವತ್ತರವತ್ತು ಹಿಂದಕ್ಕೆ ಹೋದರೆ ಸರಿಯಾಗಿ 1361ಕ್ಕೇ ಬಂದು ನಿಲ್ಲುತ್ತದೆ. ಅಂದರೆ ಒಂದನೇ ಬುಕ್ಕರಾಯನ ಕಾಲ. ಒಂದು ವರ್ಷ ಹೆಚ್ಚು ಕಡಿಮೆ ಬಂದರೆ ಗಾಬರಿ ಬೇಡ, ಮುಗಿದ ಶಕ ವರ್ಷ ಬರೆಯುವ ರೂಢಿಯೂ ಇತ್ತು, ನಡೆಯುವ ವರ್ಷ ಬರೆಯುವ ರೂಢಿಯೂ ಇತ್ತು. ತಿಥಿ ವಾರದ ಸಮೇತ ನೋಡಬೇಕೆಂದರೆ ಜಪಾನಿನ ಮಿಚಿಯೊ ಯಾನೊ ಅವರು ಮಾಡಿದ ಪಂಚಾಂಗದ ಲೆಕ್ಕದ ಪ್ರೋಗ್ರಾಂ ನೆಟ್‌ನಲ್ಲೇ ಇದೆ.

ಒಂದು ಎಚ್ಚರ. ಕಾಲ ಬರೆಯದ ಶಾಸನಕ್ಕೆ ರೈಸ್ ಅವರು ಅಂದಾಜು ಇಸವಿ ಕೊಟ್ಟಿದ್ದಾರೆ. ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ, ಇಲ್ಲವೇ "ಸುಮಾರು" ಅನ್ನುವ ಮಾತು ಇರುತ್ತದೆ. ಬ್ಲಾಗಿಗೆ ಬರುವಷ್ಟರಲ್ಲಿ ಅದು ಉದುರಿಹೋಗಿ ಅಂದಾಜೇ ಸತ್ಯ ಆಗಿಬಿಡುತ್ತದೆ. ನೀವು ಬರೆಯುವಾಗ ಆ ಚಿಹ್ನೆಯನ್ನು ಉಳಿಸಿಕೊಳ್ಳಿ.

ರೇಷ್ಮೆಗೂಡು_ಶಿಡ್ಲಘಟ್ಟ

ಮೇಲಿನವರು ಹೇಳದೇ ಬಿಟ್ಟಿದ್ದು ಒಂದಿದೆ. ಕೆಲವು ಸಲ ಕಲ್ಲು ನಿಮ್ಮೂರ ಹೆಸರಲ್ಲೇ ಇರುವುದಿಲ್ಲ. ನಮ್ಮ ಕಡೆ ಬೇಚರಾಕ್ ಗ್ರಾಮಗಳು ಎಷ್ಟಿವೆ ಅಂತ ನಿಮಗೂ ಗೊತ್ತು. ಜನ ಬಿಟ್ಟು ಹೋಗಿ ಹೆಸರು ಮಾತ್ರ ಕಂದಾಯದ ಕಾಗದದಲ್ಲಿ ಉಳಿದಿರುತ್ತದೆ. ಕಲ್ಲಿನ ಪಕ್ಕ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ನೀವು ನಿಂತ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ತೋರಿಸುತ್ತದೆ. ಅಲ್ಲಿ ಬೇರೆ ಗ್ರಾಮದ ಹೆಸರು ಬಂದರೆ ಆ ಹೆಸರಿನಿಂದ ಸಂಪುಟದಲ್ಲಿ ಹುಡುಕಿ. ಜಾಗ ಸರ್ಕಾರಿಯೋ ಯಾರದಾದರೂ ಜಮೀನೋ ಅಂತ ಪಹಣಿಯಲ್ಲಿ ನೋಡಿಕೊಳ್ಳಲೂ ಆಗುತ್ತದೆ.

ಹುಡುಕುವ ಮೊದಲು ಒಳ್ಳೆಯ ಫೋಟೋ ಬೇಕು. ನಡುಮಧ್ಯಾಹ್ನ ತೆಗೆದರೆ ಏನೂ ಕಾಣಿಸುವುದಿಲ್ಲ. ಕತ್ತಲಾದ ಮೇಲೆ ಹೋಗಿ, ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು ಅಡ್ಡಕ್ಕೆ ಬೆಳಕು ಬಿಡಲಿ, ಇನ್ನೊಬ್ಬರು ಎದುರಿನಿಂದ ತೆಗೆಯಲಿ. ಹಗಲು ಮಾಯವಾಗಿದ್ದ ಗೀರುಗಳಿಗೆಲ್ಲಾ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತವೆ. ನೀರು, ಮೆತ್ತನೆ ಬ್ರಷ್ ಬಿಟ್ಟರೆ ಬೇರೆ ಏನೂ ಹಚ್ಚಬೇಡಿ. ಆ್ಯಸಿಡ್, ತಂತಿ ಬ್ರಷ್, ಪೇಂಟ್ ಬೇಡವೇ ಬೇಡ. ಗುಡಿ ಕೆಲಸ ನಡೆಯುತ್ತಿದೆ ಅಂದಿರಲ್ಲ, ಮೇಸ್ತ್ರಿಗೆ ಈಗಲೇ ಹೇಳಿಡಿ, ಕಲ್ಲನ್ನು ಕಿತ್ತು ಮೆಟ್ಟಿಲಿಗೋ ತಳಪಾಯಕ್ಕೋ ಹಾಕಿಬಿಟ್ಟಾರು.

ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹಳೆಯ ಅಕ್ಷರಗಳ ರೂಪ ಹೋಲಿಸಲು ಅವರ ಅಕ್ಷರಭಂಡಾರ ಇದೆ, ನೋಡಿ.

ಕೆರೆಕಟ್ಟೆ_ಚಿಂತಾಮಣಿ

ಎಲ್ಲರಿಗೂ ತುಂಬಾ ಧನ್ಯವಾದ. ಸಿಕ್ಕಿತು! ದಿಶಾಂಕ್ ತೋರಿಸಿದ್ದು ಬೇರೆಯೇ ಹೆಸರು, ಪಕ್ಕದ ಬೇಚರಾಕ್ ಗ್ರಾಮದ್ದು. ಆ ಹೆಸರಿನಿಂದ 10ನೇ ಸಂಪುಟದಲ್ಲಿ ಹುಡುಕಿದರೆ "ತೂಬಿನ ಹತ್ತಿರ" ಅಂತಲೇ ಇದೆ. ಅನುವಾದ ಓದಿದೆ. ವಿಜಯನಗರದ ಕಾಲ, ಕೆರೆ ಕಟ್ಟಿಸಿದವರಿಗೆ ಗದ್ದೆ ಬಿಟ್ಟುಕೊಟ್ಟ ವಿಷಯ. ಚೋಳರ ಮಾತೇ ಇಲ್ಲ. ಊರ ಹಿರಿಯರಿಗೆ ಓದಿ ಹೇಳಿದೆ. ಕೆರೆಯ ಲೆಕ್ಕ ಅಂತ ಗೊತ್ತಾದಮೇಲೆ ಎಲ್ಲರಿಗೂ ಮೊದಲಿಗಿಂತ ಜಾಸ್ತಿ ಆಸಕ್ತಿ ಬಂದಿದೆ.

ಈಗ ಎರಡು ತೊಂದರೆ. ಕನ್ನಡ ಲಿಪಿಯ ಭಾಗ ಆ ಸ್ಕ್ಯಾನಿನಲ್ಲಿ ಮಸುಕಾಗಿದೆ. ರೋಮನ್ ಲಿಪಿಯದು ಚೆನ್ನಾಗಿದೆ, ಅದನ್ನು ಕನ್ನಡಕ್ಕೆ ತರುವುದು ಹೇಗೆ? ಮತ್ತೆ "ಕಟ್ಟುಕೊಡಗೆ" ಅಂತ ಒಂದು ಮಾತು ಬರುತ್ತದೆ. ಅದನ್ನು ಪುಸ್ತಕದಲ್ಲಿ ಹೇಗೆ ವಿವರಿಸಲಿ?

ಓದುಗ_ಕೋಲಾರ

ಓದಿ ಬಹಳ ಖುಷಿಯಾಯಿತು. ಲಿಪಿಗೆ ಅಕ್ಷರಮುಖ ಅಂತ ಸೈಟಿದೆ, ರೋಮನ್‌ನಿಂದ ಕನ್ನಡಕ್ಕೆ ಬದಲಾಯಿಸುತ್ತದೆ. ಗೆರೆ ಚುಕ್ಕೆಗಳನ್ನು ನೀವೇ ಕೈಯಿಂದ ಸರಿಯಾಗಿ ಟೈಪ್ ಮಾಡಬೇಕು, ಇಲ್ಲದಿದ್ದರೆ ಳ ಇದ್ದಲ್ಲಿ ಲ ಬರುತ್ತದೆ. ಬಂದದ್ದನ್ನು ನಿಮ್ಮ ಟಾರ್ಚಿನ ಫೋಟೋ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ರೈಸ್ ಓದಿದ ಮೇಲೆ ಕಲ್ಲು ಒಂದಷ್ಟು ಸವೆದಿರಬಹುದು. ಈಗ ಕಾಣದ ಅಕ್ಷರ ಆಗ ಕಂಡಿರುತ್ತದೆ.

ಪದಕ್ಕೆ ಕಿಟೆಲ್ ನಿಘಂಟು ಇದೆ, 1894ರದು, ಅದೂ ಆರ್ಕೈವ್‌ನಲ್ಲಿ ಸಿಗುತ್ತದೆ. ಬೇಗ ನೋಡಬೇಕೆಂದರೆ ಅಲರ್ ಆನ್‌ಲೈನ್ ನಿಘಂಟು, ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಮಾಡಿದ ಕೆಲಸ. ಕೊಡಗೆ ಅಂದರೆ ಕೊಟ್ಟದ್ದು, ದತ್ತಿ. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಗೆ ನಮ್ಮ ಸೀಮೆಯ ಶಾಸನಗಳಲ್ಲಿ ಈ ಮಾತು ಬರುತ್ತದೆ. ಇನ್ನೂ ಆಳಕ್ಕೆ ಹೋಗಬೇಕಾದರೆ ಶೋಧಗಂಗಾದಲ್ಲಿ ಕೋಲಾರ, ಕೆರೆ, ಶಾಸನ ಅಂತ ಬೇರೆ ಬೇರೆ ಜೋಡಿ ಮಾಡಿ ಹುಡುಕಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಪಿಎಚ್‌ಡಿ ಪ್ರಬಂಧಗಳು ಪೂರ್ತಿ ಸಿಗುತ್ತವೆ. ಮೊದಲು ಕೊನೆಯ ಆಧಾರಪಟ್ಟಿ ತೆರೆಯಿರಿ. ನಾವು ಹೆಸರೇ ಕೇಳದ ಪುಸ್ತಕಗಳು ಅಲ್ಲಿರುತ್ತವೆ.

ಮೇಷ್ಟ್ರು_ಮಧುಗಿರಿ

ಪುಸ್ತಕದಲ್ಲಿ ಸಂಪುಟದ ನಂಬರ್, ತಾಲ್ಲೂಕು, ಶಾಸನದ ನಂಬರ್ ತಪ್ಪದೆ ಹಾಕಿ. ಶಾಸನ ಹೇಳುವುದು ಎಷ್ಟು, ಊರವರು ಹೇಳುವುದು ಯಾವುದು ಅಂತ ಬೇರೆ ಬೇರೆ ಬರೆಯಿರಿ. ಹಿರಿಯರ ಕಥೆ ಬಿಡುವುದು ಬೇಡ, "ಊರಿನಲ್ಲಿ ಹೀಗೆ ಹೇಳುತ್ತಾರೆ" ಅಂದರೆ ಸಾಕು. ಅನುವಾದದಲ್ಲಿ ರೈಸ್ ಅವರು ಕೆಲವೆಡೆ ಕೊನೆಯ ಶಾಪದ ಶ್ಲೋಕಗಳನ್ನು "ಎಂದಿನಂತೆ" ಅಂತ ಹೇಳಿ ಬಿಟ್ಟಿರುತ್ತಾರೆ. ಪೂರ್ತಿ ಪಾಠ ಮೂಲದಲ್ಲೇ ನೋಡಬೇಕು.

ಇನ್ನೊಂದು, ಕಲ್ಲು ಸಂಪುಟದಲ್ಲಿ ಇದೆ ಅಂದಮಾತ್ರಕ್ಕೆ ರಕ್ಷಣೆ ಇದೆ ಅಂತಲ್ಲ. ನಿಧಿ ಇದೆ ಅಂತ ಶಾಸನದ ಕಲ್ಲಿನ ಬುಡ ಅಗೆಯುವವರು ನಮ್ಮ ಕಡೆಯೂ ಇದ್ದಾರೆ, ನಿಮ್ಮ ಕಡೆಯೂ ಇದ್ದಾರೆ. ಫೋಟೋ, ಸರ್ವೆ ನಂಬರ್, ಶಾಸನದ ನಂಬರ್ ಮೂರನ್ನೂ ಸೇರಿಸಿ ಪಂಚಾಯಿತಿಗೆ ಒಂದು, ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಗದ್ದೆ ಬಿಟ್ಟ ವಿಷಯ ಇರುವ ಅನುವಾದದ ಭಾಗವನ್ನು ಊರವರಿಗೆ ಕಾಣುವ ಹಾಗೆ ಒಂದು ಫಲಕಕ್ಕೂ ಹಾಕಿಸಿ. ಓದಿ ಗೊತ್ತಿದ್ದರೆ ಯಾರೂ ಅಗೆಯಲು ಬಿಡುವುದಿಲ್ಲ.